ಕುಲುಮೆ ಕೆಟ್ಟರೆ ಕುಲುಮೆಯನ್ನೇ ತರಬೇಕೆ?

ಚಳಿನಾಡುಗಳಲ್ಲಿ ನೆಲೆಸಿರುವ ನಮ್ಮ ಮಕ್ಕಳ ಮನೆಗಳಲ್ಲಿ, ನೆಲಮಾಳಿಗೆಯ ಒಂದು ಮೂಲೆಯಲ್ಲಿ, ತಗಡಿನ ಬೀರುವಿನಂತಹ ಯಂತ್ರವೊಂದು ನಿಂತಿರುತ್ತದೆ. ಅದಕ್ಕೆ ಅಲ್ಲಿನವರು ಫರ್ನೇಸ್ ಎನ್ನುತ್ತಾರೆ. ನಾವು ಕುಲುಮೆ ಎನ್ನೋಣ. ಹದಿನೈದಿಪ್ಪತ್ತು ವರ್ಷ ದುಡಿದು ಅದು ಕೈಕೊಟ್ಟ ದಿನ, ಮನೆಯವರು ಹೆಚ್ಚು ಯೋಚಿಸದೆ ಅದೇ ಜಾತಿಯ, ಅದೇ ಗಾತ್ರದ ಇನ್ನೊಂದನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸುತ್ತಾರೆ. ಹೀಗೆ ಮಾಡುವುದು ಅನಿವಾರ್ಯವಲ್ಲ. ಮನೆಯ ಗಾಳಿಯನ್ನು ಬೆಂಕಿಯಿಂದ ನೇರವಾಗಿ ಕಾಯಿಸುವ ಬದಲು, ಮೊದಲು ನೀರನ್ನು ಕಾಯಿಸಿ, ಆ ನೀರಿನಿಂದ ಗಾಳಿಯನ್ನು ಬೆಚ್ಚಗೆ ಮಾಡುವ ವ್ಯವಸ್ಥೆಯೊಂದಿದೆ. ಅನೇಕ ಮನೆಗಳಿಗೆ ಅದೇ ಹೆಚ್ಚು ವಿವೇಕದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಎಲ್ಲ ಮನೆಗಳಿಗೂ ಅಲ್ಲ. ಯಾವುದಕ್ಕೆ ಅಲ್ಲ ಎಂಬುದನ್ನೂ ಮುಂದೆ ಹೇಳುತ್ತೇನೆ.

ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಬೋಧಿಸಿ ನಿವೃತ್ತನಾದ ಈ ಮೇಷ್ಟರಿಗೆ ಅಮೆರಿಕದ ಕುಲುಮೆಯ ಗೊಡವೆ ಏಕೆ ಎಂದು ಓದುಗ ಮಿತ್ರರು ಕೇಳಬಹುದು. ಕಾರಣ ಎರಡು. ಮೊದಲನೆಯದು, ನನ್ನ ಮಗಳ ಸಂಸಾರ ಮಿನ್ನೆಸೋಟ ರಾಜ್ಯದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಪಾದರಸ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವುದು ಅಪರೂಪವೇನಲ್ಲ. ಎರಡನೆಯದು, ನನ್ನಂತಹ ತಂದೆತಾಯಿಗಳು ಇಂದು ನಮ್ಮ ಊರೂರುಗಳಲ್ಲಿದ್ದಾರೆ. ಬಾಣಂತನಕ್ಕೆಂದೋ, ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಆರು ತಿಂಗಳು ಹೋಗಿ ಇರುತ್ತಾರೆ. ಮಗ, ಸೊಸೆ, ಮಗಳು, ಅಳಿಯ ಕೆಲಸಕ್ಕೆ ಹೋದ ಮೇಲೆ ಆ ಮನೆಯಲ್ಲಿ ಹಗಲಿಡೀ ಇರುವವರು ನಾವು ಮತ್ತು ಆ ಯಂತ್ರ. ಅದರ ಸ್ವಭಾವವೇನು, ಅದು ಕೆಟ್ಟರೆ ಏನಾಗುತ್ತದೆ ಎಂಬುದನ್ನು ನಮಗೆ ಹೇಳುವವರು ಕಡಿಮೆ.

ಕುಲುಮೆಯ ಕೆಲಸ ಸರಳ. ಒಳಗೆ ನೈಸರ್ಗಿಕ ಅನಿಲ ಉರಿಯುತ್ತದೆ. ಉರಿಯಿಂದ ಹುಟ್ಟಿದ ಬಿಸಿ ಅನಿಲಗಳು ಬಾಗಿದ ಲೋಹದ ಕೊಳವೆಗಳ ಒಳಗೆ ಹರಿದು, ಕೊನೆಗೆ ಹೊಗೆಗೊಳವೆಯ ಮೂಲಕ ಹೊರಗೆ ಹೋಗುತ್ತವೆ. ಆ ಲೋಹದ ಹೊರಮೈಯ ಮೇಲೆ ಬ್ಲೋವರ್ ಎಂಬ ಬೀಸುಯಂತ್ರ ಮನೆಯ ಗಾಳಿಯನ್ನು ಊದುತ್ತದೆ. ಗಾಳಿ ಬಿಸಿಯಾಗಿ, ತಗಡಿನ ಗಾಳಿಗೊಳವೆಗಳಲ್ಲಿ ಸಾಗಿ, ಪ್ರತಿ ಕೋಣೆಯ ನೆಲದಲ್ಲಿರುವ ಜಾಲರಿಯಿಂದ ಹೊರಬರುತ್ತದೆ. ನಮ್ಮ ಕಮ್ಮಾರನ ತಿದಿ ಬೆಂಕಿಯನ್ನೇ ಊದುತ್ತದೆ. ಇಲ್ಲಿಯ ಬ್ಲೋವರ್ ಬೆಂಕಿಯನ್ನು ಮುಟ್ಟುವುದಿಲ್ಲ, ಬೆಂಕಿಯಿಂದ ಕಾದ ಗೋಡೆಯನ್ನು ಊದುತ್ತದೆ. ವ್ಯತ್ಯಾಸ ಇಷ್ಟೆ. ಆದರೆ ಮನೆಯವರ ಕ್ಷೇಮವೆಲ್ಲ ಈ ‘ಇಷ್ಟೆ’ ಎಂಬುದರ ಮೇಲೆ ನಿಂತಿದೆ.

ಏಕೆಂದರೆ, ಉರಿಯ ಅನಿಲಕ್ಕೂ ನಾವು ಉಸಿರಾಡುವ ಗಾಳಿಗೂ ನಡುವೆ ಇರುವುದು ತೆಳುವಾದ ಒಂದು ಲೋಹದ ಪದರ. ಚಳಿಗಾಲವಿಡೀ ಅದು ದಿನಕ್ಕೆ ಹಲವು ಹತ್ತು ಬಾರಿ ಕಾದು ಹಿಗ್ಗುತ್ತದೆ, ತಣಿದು ಕುಗ್ಗುತ್ತದೆ. ವರ್ಷಗಳು ಕಳೆದಂತೆ ಬಾಗಿದ ಕಡೆ, ಬೆಸುಗೆಯ ಕಡೆ ಸೀಳು ಬಿಡಬಹುದು. ಬಿಟ್ಟರೆ, ಹೊರಗೆ ಹೋಗಬೇಕಾದ ಅನಿಲ ಒಳಗೆ ಬರುವ ದಾರಿ ತೆರೆದಂತಾಗುತ್ತದೆ. ಉರಿ ಸರಿಯಾಗಿಲ್ಲದಿದ್ದರೆ ಆ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಎಷ್ಟೋ ಪಾಲು ಗಟ್ಟಿಯಾಗಿ ಅಂಟಿಕೊಳ್ಳುವುದು ಅದರ ಗುಣ. ಬೆಂಕಿ ಅನಾಹುತಗಳನ್ನು ಬಿಟ್ಟು, ಆಕಸ್ಮಿಕವಾಗಿ ಈ ಅನಿಲ ಸೇವಿಸಿ ಅಮೆರಿಕದಲ್ಲಿ ಪ್ರತಿ ವರ್ಷ 400ಕ್ಕೂ ಹೆಚ್ಚು ಜನ ಸಾಯುತ್ತಾರೆ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಎಲ್ಲ ಸಾವುಗಳಿಗೂ ಕುಲುಮೆಯೇ ಕಾರಣವಲ್ಲ. ವಾಹನ, ಜನರೇಟರ್, ಒಲೆ ಎಲ್ಲವೂ ಸೇರಿದ ಲೆಕ್ಕ ಅದು. ಆದರೂ ಕುಲುಮೆ ಆ ಪಟ್ಟಿಯಲ್ಲಿದೆ.

ಈಗ ನಾನು ಹೇಳಹೊರಟ ಇನ್ನೊಂದು ವ್ಯವಸ್ಥೆಗೆ ಬರೋಣ. ಅದನ್ನು ಬಿಸಿನೀರಿನ ಏರ್ ಹ್ಯಾಂಡ್ಲರ್ ಎನ್ನುತ್ತಾರೆ. ಹೊರನೋಟಕ್ಕೆ ಇದೂ ತಗಡಿನ ಬೀರುವೇ. ಇದರಲ್ಲೂ ಬ್ಲೋವರ್ ಇದೆ, ಇದೂ ಅದೇ ಗಾಳಿಗೊಳವೆಗಳಿಗೆ ಜೋಡಣೆಯಾಗುತ್ತದೆ. ಆದರೆ ಒಳಗೆ ಬೆಂಕಿಯಿಲ್ಲ. ಬೆಂಕಿಯ ಜಾಗದಲ್ಲಿ ತಾಮ್ರದ ಕೊಳವೆಗಳ ಒಂದು ಸುರುಳಿ, ಅದರ ಸುತ್ತ ತೆಳುವಾದ ಅಲ್ಯೂಮಿನಿಯಂ ರೆಕ್ಕೆಗಳು; ಕಾರಿನ ರೇಡಿಯೇಟರನ್ನು ನೆನೆದರೆ ಸಾಕು. ಬೇರೆ ಕಡೆ ಇರುವ ಬಾಯ್ಲರಿನಲ್ಲೋ, ವಾಟರ್ ಹೀಟರಿನಲ್ಲೋ ಕಾದ ನೀರನ್ನು ಸಣ್ಣ ಪಂಪೊಂದು ಈ ಸುರುಳಿಯೊಳಗೆ ಹರಿಸುತ್ತದೆ. ಬ್ಲೋವರ್ ಗಾಳಿಯನ್ನು ಸುರುಳಿಯ ಮೂಲಕ ಹಾಯಿಸುತ್ತದೆ. ನೀರು ಶಾಖ ಕೊಟ್ಟು ತಣಿದು ಹಿಂದಿರುಗುತ್ತದೆ, ಮತ್ತೆ ಕಾಯುತ್ತದೆ. ಇಲ್ಲಿ ಕೊಳವೆ ಸೀಳಿದರೆ ಒಳಬರುವುದು ವಿಷಾನಿಲವಲ್ಲ, ನೀರು. ಸೋರಿದ ನೀರು ಕಣ್ಣಿಗೆ ಕಾಣುತ್ತದೆ, ನೆಲ ಒದ್ದೆಯಾಗುತ್ತದೆ, ರಿಪೇರಿಯವರನ್ನು ಕರೆಯಲು ಸಮಯ ಕೊಡುತ್ತದೆ.

ನಮ್ಮ ಮಲೆನಾಡಿನ ಬಚ್ಚಲುಮನೆಯನ್ನು ಬಲ್ಲವರಿಗೆ ಇದು ಹೊಸ ತತ್ವವೇನಲ್ಲ. ಬಚ್ಚಲೊಲೆಯ ಬಾಯಿ ಹೊರಗೆ, ಹಂಡೆಯ ಬಾಯಿ ಒಳಗೆ. ಅಡಕೆ ಹಾಳೆಯನ್ನೂ ತೆಂಗಿನ ಮಟ್ಟೆಯನ್ನೂ ಹೊರಗಿನಿಂದ ತುಂಬಿ ಉರಿ ಹಾಕಿದರೆ, ಸ್ನಾನ ಮಾಡುವವನಿಗೆ ಹೊಗೆಯೂ ಇಲ್ಲ, ಮಸಿಯೂ ಇಲ್ಲ. ಅವನಿಗೆ ಸಿಗುವುದು ಬೆಂಕಿಯ ಸಾರ ಮಾತ್ರ. ಬೆಂಕಿಗೂ ಮೈಗೂ ನಡುವೆ ನೀರನ್ನು ನಿಲ್ಲಿಸಿದ ಹಿರಿಯರು ಥರ್ಮೋಡೈನಮಿಕ್ಸ್ ಓದಿದವರಲ್ಲ. ಆದರೆ ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ನೀರಿಗಿಂತ ಒಳ್ಳೆಯ ಹಮಾಲಿ ಇಲ್ಲವೆಂದು ಅವರು ಅರಿತಿದ್ದರು.

ಆ ಹಮಾಲಿಯ ಶಕ್ತಿ ಎಷ್ಟೆಂದು ಒಂದು ಲೆಕ್ಕ ಮಾಡೋಣ. ಎಂಟನೆಯ ತರಗತಿಯ ಲೆಕ್ಕವೇ ಸಾಕು. ಒಂದು ಲೀಟರ್ ನೀರು 1 ಡಿಗ್ರಿ ಸೆಲ್ಸಿಯಸ್ ತಣಿದರೆ ಸುಮಾರು 4.2 ಕಿಲೋಜೂಲ್ ಶಾಖ ಬಿಟ್ಟುಕೊಡುತ್ತದೆ. ಒಂದು ಘನ ಮೀಟರ್ ಗಾಳಿ, ಎಂದರೆ 1,000 ಲೀಟರ್ ಗಾಳಿ, 1 ಡಿಗ್ರಿ ಬಿಸಿಯಾಗಲು ಸುಮಾರು 1.2 ಕಿಲೋಜೂಲ್ ಸಾಕು. ಎಂದರೆ ಒಂದು ಲೀಟರ್ ನೀರು ಹೊರುವ ಶಾಖವನ್ನು ಹೊರಲು ಸುಮಾರು 3,500 ಲೀಟರ್ ಗಾಳಿ ಬೇಕು. ಮನೆಯೊಂದಕ್ಕೆ ಕಡುಚಳಿಯಲ್ಲಿ 13 ಕಿಲೋವಾಟ್ ಶಾಖ ಬೇಕೆಂದಿಟ್ಟುಕೊಳ್ಳಿ. ಗಾಳಿ 25 ಡಿಗ್ರಿ ಬಿಸಿಯಾಗುವಂತಿದ್ದರೆ ನಿಮಿಷಕ್ಕೆ 26,000 ಲೀಟರ್ ಗಾಳಿ ಬೀಸಬೇಕು. ನೀರು 15 ಡಿಗ್ರಿ ತಣಿಯುವಂತಿದ್ದರೆ ನಿಮಿಷಕ್ಕೆ ಸುಮಾರು 12 ಲೀಟರ್, ಒಂದು ಬಿಂದಿಗೆಯಷ್ಟು ನೀರು ಹರಿದರೆ ಸಾಕು. ಹೆಬ್ಬೆರಳು ದಪ್ಪದ ಕೊಳವೆಯಲ್ಲಿ ಸಾಗುವ ನೀರು, ಆಳೆತ್ತರದ ತಗಡಿನ ಪೆಟ್ಟಿಗೆಯ ಗಾಳಿಯ ಕೆಲಸ ಮಾಡುತ್ತದೆ.

ಈ ಲೆಕ್ಕದಿಂದ ಹೊರಡುವ ಮಾತೊಂದಿದೆ. ಅಮೆರಿಕದ ಮನೆಗಳಲ್ಲಿ ಗಾಳಿಗೊಳವೆಗಳ ತೂತು, ಸಡಿಲ ಜೋಡಣೆಗಳಿಂದ, ಸಾಗುವ ಗಾಳಿಯ ಸುಮಾರು 20ರಿಂದ 30 ಪ್ರತಿಶತ ಪೋಲಾಗುತ್ತದೆ ಎಂದು ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುತ್ತದೆ. ಏರ್ ಹ್ಯಾಂಡ್ಲರ್ ಹಾಕಿದ ಮಾತ್ರಕ್ಕೆ ಈ ತೂತು ಮುಚ್ಚುವುದಿಲ್ಲ. ಆದರೆ ನೀರು ಒಮ್ಮೆ ಮನೆಯೊಳಗೆ ಬಂದರೆ ಅದನ್ನು ಬೇಕಾದಲ್ಲಿಗೆ ಕವಲೊಡೆಸಬಹುದು. ಬಚ್ಚಲುಮನೆಯ ನೆಲದಡಿ ಒಂದು ಸುತ್ತು, ಮಗುವಿನ ಕೋಣೆಗೆ ಒಂದು ರೇಡಿಯೇಟರ್, ಉಳಿದ ಮನೆಗೆ ಗಾಳಿ. ಒಂದೇ ಕಾದ ನೀರು, ಹಲವು ದಾರಿ. ಕುಲುಮೆಗೆ ಈ ಸೌಕರ್ಯವಿಲ್ಲ. ಅದಕ್ಕೆ ಗೊತ್ತಿರುವುದು ಊದುವುದೊಂದೇ.

ಮೇಷ್ಟರ ಬರಹದಲ್ಲಿ ಇತಿಹಾಸ ಇಣುಕದೆ ಇರುವುದಿಲ್ಲ. ಗೋಡೆಯ ಮೇಲಿನ ಥರ್ಮೋಸ್ಟಾಟಿಗೆ ನಾವು ಒಬ್ಬ ಉಪಾಧ್ಯಾಯನಿಗೆ ಋಣಿಗಳು. ಮಿನ್ನೆಸೋಟದ ನೆರೆಯ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಪಾಠ ಹೇಳುತ್ತಿದ್ದರು. ಕೋಣೆಯ ಬಿಸಿ ನೋಡಲು ಜವಾನ ತರಗತಿಗೆ ಬಂದುಹೋಗಿ, ನೆಲಮಾಳಿಗೆಯಲ್ಲಿ ಕುಲುಮೆಯ ಬಾಗಿಲನ್ನು ಹೆಚ್ಚು ಕಡಿಮೆ ಮಾಡಬೇಕಿತ್ತು. ಪಾಠಕ್ಕೆ ಪ್ರತಿ ಸಲ ಭಂಗ. ಅದನ್ನು ತಪ್ಪಿಸಲು ಅವರು ರೂಪಿಸಿದ ವಿದ್ಯುತ್ ಥರ್ಮೋಸ್ಟಾಟಿಗೆ 1883ರಲ್ಲಿ ಪೇಟೆಂಟ್ ದೊರೆಯಿತು. ಕೆಲ ವರ್ಷಗಳಲ್ಲೇ, 1886ರಲ್ಲಿ, ಮಿನ್ನಿಯಾಪೊಲಿಸ್ಸಿನ ಆಲ್ಬರ್ಟ್ ಬುಟ್ಜ್ ಕುಲುಮೆಯ ಗಾಳಿಬಾಗಿಲನ್ನು ತಾನಾಗಿ ತೆರೆದು ಮುಚ್ಚುವ ಸಾಧನಕ್ಕೆ ಪೇಟೆಂಟ್ ಪಡೆದರು. ಆ ಪರಂಪರೆಯ ಕಂಪನಿ 1927ರಲ್ಲಿ ಇಂಡಿಯಾನಾದ ವಾಬಾಶ್ ಊರಿನ ಮಾರ್ಕ್ ಹನಿವೆಲ್ ಅವರ ಕಂಪನಿಯೊಡನೆ ಒಂದಾಯಿತು. ಹನಿವೆಲ್ ಅವರ ಕಸುಬು ಬಿಸಿನೀರಿನಿಂದ ಮನೆ ಕಾಯಿಸುವ ಸಾಮಗ್ರಿಗಳದ್ದು. ಕುಲುಮೆಯ ನಿಯಂತ್ರಣವೂ ಬಿಸಿನೀರಿನ ವಿದ್ಯೆಯೂ ಒಂದೇ ಸೂರಿನಡಿ ಬಂದು ನೂರು ವರ್ಷವಾಗುತ್ತಾ ಬಂತು. ಎಂದ ಮೇಲೆ ಇದು ಯಾರೋ ನಿನ್ನೆ ಮೊನ್ನೆ ಕಂಡುಹಿಡಿದ ವಿಚಿತ್ರ ಪ್ರಯೋಗವಲ್ಲ.

ನನ್ನ ಮಗಳ ಮನೆಯಲ್ಲಿ ಈ ಪ್ರಶ್ನೆ ಎದುರಾದದ್ದು ಒಂದು ನವೆಂಬರಿನಲ್ಲಿ. ವಾರ್ಷಿಕ ತಪಾಸಣೆಗೆ ಬಂದವನು ಸಣ್ಣ ಕ್ಯಾಮೆರಾ ತೂರಿಸಿ ನೋಡಿ, ಲೋಹದ ಪದರ ಸೀಳಿದೆ ಎಂದು ತೋರಿಸಿ, ಅನಿಲದ ಕೀಲಿ ತಿರುಗಿಸಿ, ಕೆಂಪು ಚೀಟಿ ಅಂಟಿಸಿದ. ಅಲ್ಲಿಯವರೆಗೆ ಅವನು ಮಾಡಿದ್ದು ಸರಿಯೇ. ಆಮೇಲೆ ಬಂದ ಮಾರಾಟದವನು ಅದೇ ಗಾತ್ರದ ಹೊಸ ಕುಲುಮೆಯ ದರಪಟ್ಟಿ ಮುಂದಿಟ್ಟು, ಈ ಸಂಜೆಯೊಳಗೆ ಸಹಿ ಮಾಡಿದರೆ ಮಾತ್ರ ಈ ಬೆಲೆ ಎಂದ. ಮನೆಯಲ್ಲಿ ಏಳು ತಿಂಗಳ ಕೂಸು. ಹೊರಗೆ ಹಿಮ ಬೀಳಲು ಶುರುವಾಗಿತ್ತು. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮನೆಯ ಬೆಂಕಿ ಆರಿದಾಗ ಬಾವಿ ತೋಡುವ ಅವಸರ.

ಅಳಿಯಂದಿರು, “ಮಾವ, ಎರಡು ದಿನ ತಡೆಯೋಣ, ಮಗುವಿನ ಕೋಣೆಗೆ ಕರೆಂಟಿನ ಹೀಟರ್ ಸಾಕು” ಎಂದರು. ಮಗಳು ಒಪ್ಪಿದಳು. ಆ ಎರಡು ದಿನಗಳಲ್ಲಿ ಅವರು ಬೇರೊಬ್ಬ ಕೆಲಸಗಾರನನ್ನು ಕರೆಸಿ ಮನೆಯ ಶಾಖದ ಅಗತ್ಯವನ್ನು ಕೋಣೆ ಕೋಣೆಯಾಗಿ ಲೆಕ್ಕ ಹಾಕಿಸಿದರು. ಅದಕ್ಕೆ ಅಲ್ಲಿ ‘ಮ್ಯಾನ್ಯುಯಲ್ ಜೆ’ ಎಂಬ ಒಪ್ಪಿತ ವಿಧಾನವಿದೆ. ಹಳೆಯ ಕುಲುಮೆ ಕೊಡುತ್ತಿದ್ದುದು ಸುಮಾರು 23 ಕಿಲೋವಾಟ್. ಮನೆಗೆ ಕಡುಚಳಿಯಲ್ಲೂ ಬೇಕಿದ್ದುದು 13 ಕಿಲೋವಾಟ್. ಇಪ್ಪತ್ತು ವರ್ಷ ಆ ಮನೆ ತನ್ನ ಅಳತೆಗಿಂತ ಬಹು ದೊಡ್ಡ ಅಂಗಿ ತೊಟ್ಟು ನಡೆದಿತ್ತು. ಕುಲುಮೆ ಐದು ನಿಮಿಷ ಬುಸುಗುಟ್ಟಿ ಆರುವುದು, ಕೋಣೆ ತಣ್ಣಗಾಗುವುದು, ಮತ್ತೆ ಬುಸುಗುಟ್ಟುವುದು. ಹಗಲೆಲ್ಲ ಶಾಲು ಹೊದೆಯುವುದು, ತೆಗೆಯುವುದು. ಹೀಗೆ ಪದೇ ಪದೇ ಹೊತ್ತಿ ಆರುವುದರಿಂದ ಲೋಹ ಬೇಗ ದಣಿಯುತ್ತದೆ ಎಂಬುದು ಬೇರೆ.

ಮನೆಯ ವಾಟರ್ ಹೀಟರೂ ಹದಿನಾಲ್ಕು ವರ್ಷ ಹಳೆಯದಾಗಿತ್ತು. ಎರಡನ್ನೂ ಬೇರೆ ಬೇರೆಯಾಗಿ ಬದಲಿಸುವ ಬದಲು, ಒಂದು ಸಣ್ಣ ಬಾಯ್ಲರ್, ಸ್ನಾನದ ನೀರಿಗೆ ಒಂದು ತೊಟ್ಟಿ, ಗಾಳಿಗೆ ಒಂದು ಏರ್ ಹ್ಯಾಂಡ್ಲರ್ ಹಾಕಿಸಲು ನಿಶ್ಚಯಿಸಿದರು. ಖರ್ಚು ಹೊಸ ಕುಲುಮೆಗಿಂತ ಗಣನೀಯವಾಗಿ ಹೆಚ್ಚೇ ಆಯಿತು. ಕೆಲಸ ಒಂದು ದಿನದ ಬದಲು ನಾಲ್ಕು ದಿನ ಹಿಡಿಯಿತು. ಆ ಚಳಿಗಾಲದಲ್ಲಿ ನಾನು ಗಮನಿಸಿದ್ದು ಇಷ್ಟು: ಜಾಲರಿಯಿಂದ ಬರುವ ಗಾಳಿ ಮೊದಲಿನಷ್ಟು ಬಿಸಿಯಿಲ್ಲ. ಕುಲುಮೆಯ ಗಾಳಿ 50–60 ಡಿಗ್ರಿಯಲ್ಲಿ ಮುಖಕ್ಕೆ ರಾಚುತ್ತಿತ್ತು. ಇದು 40–45ರಲ್ಲಿ ಮೆಲ್ಲಗೆ, ಹೆಚ್ಚು ಹೊತ್ತು ಬರುತ್ತದೆ. ಕೈಯೊಡ್ಡಿದರೆ ‘ಇದೇನು, ಬಿಸಿಯೇ ಇಲ್ಲ’ ಅನ್ನಿಸುತ್ತದೆ. ಕುಳಿತರೆ ಕೋಣೆ ಹಿತವಾಗಿರುತ್ತದೆ.

ಈಗ ಎದುರು ವಾದಗಳು. ಅವುಗಳಲ್ಲಿ ಹುರುಳಿದೆ, ಮುಚ್ಚಿಡುವುದು ಸರಿಯಲ್ಲ.

ಮೊದಲನೆಯದು ದಕ್ಷತೆ. ಪೈಲಟ್ ಜ್ವಾಲೆಯ ಹಳೆಯ ಕುಲುಮೆಗಳ ದಕ್ಷತೆ 56ರಿಂದ 70 ಪ್ರತಿಶತ ಇದ್ದರೆ, ಇಂದಿನ ಉತ್ತಮ ಕುಲುಮೆಗಳದ್ದು 90ರಿಂದ 98 ಪ್ರತಿಶತ. ಅನಿಲ ಉರಿದಾಗ ಹುಟ್ಟುವ ನೀರಾವಿಯನ್ನು ತಣಿಸಿ ನೀರಾಗಿಸಿ, ಅದರ ಗುಪ್ತೋಷ್ಣವನ್ನೂ ಹಿಂಡಿಕೊಳ್ಳುವುದರಿಂದ ಇದು ಸಾಧ್ಯ. ಬಾಯ್ಲರ್ ಮಾಡುವುದೂ ಅದನ್ನೇ. ಆದ್ದರಿಂದ ‘ನೀರಿನ ವ್ಯವಸ್ಥೆಯಿಂದ ಅನಿಲದ ಬಿಲ್ಲು ಅರ್ಧವಾಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ 80 ಪ್ರತಿಶತದ ಕುಲುಮೆಗೆ ಹೋಲಿಸಿದರೆ ಉಳಿತಾಯವುಂಟು; ಹೊಸ 95 ಪ್ರತಿಶತದ ಕುಲುಮೆಗೆ ಹೋಲಿಸಿದರೆ ಹೆಚ್ಚೇನಿಲ್ಲ. ಅದೂ, ಬಾಯ್ಲರಿಗೆ ಹಿಂದಿರುಗುವ ನೀರು ಸುಮಾರು 54 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ನೀರಾಗುತ್ತದೆ. ಸುರುಳಿ ಚಿಕ್ಕದಾಗಿ, ನೀರನ್ನು 80 ಡಿಗ್ರಿಗೆ ಕುದಿಸಿ ಕಳುಹಿಸಿದರೆ ದುಬಾರಿ ಬಾಯ್ಲರ್ ಹಳೆಯ ಬಾಯ್ಲರಿನಂತೆಯೇ ಕೆಲಸ ಮಾಡುತ್ತದೆ.

ಎರಡನೆಯದು ಸುರಕ್ಷತೆ. ಗಾಳಿಯ ದಾರಿಯಿಂದ ಬೆಂಕಿ ದೂರವಾಯಿತು, ನಿಜ, ಮನೆಯಿಂದ ದೂರವಾಗಲಿಲ್ಲ. ಬಾಯ್ಲರಿನಲ್ಲೂ ಅನಿಲವೇ ಉರಿಯುತ್ತದೆ. ಅದಕ್ಕೆ ಹೊರಗಿನಿಂದಲೇ ಗಾಳಿ ತಂದು ಹೊರಗೇ ಹೊಗೆ ಬಿಡುವ ಮುಚ್ಚಿದ ಮಾದರಿಯನ್ನು ಆರಿಸಬೇಕು. ಗೋಡೆಯಿಂದ ಹೊರಚಾಚಿದ ಆ ಕೊಳವೆಗಳ ಬಾಯಿಗೆ ಹಿಮ ಕಟ್ಟದಂತೆ ನೋಡಿಕೊಳ್ಳಬೇಕು. ಎಚ್ಚರಿಕೆಯ ಗಂಟೆ ಇರಲೇಬೇಕು.

ಮೂರನೆಯದು ನೀರಿನದೇ ಅಪಾಯ. ಕಡಿಮೆ ಖರ್ಚಿನಲ್ಲಿ ಮುಗಿಸಲು ಕೆಲವರು ಸ್ನಾನಕ್ಕೂ ಕುಡಿಯಲೂ ಬಳಸುವ ನೀರನ್ನೇ ಸುರುಳಿಗೂ ಹರಿಸುತ್ತಾರೆ. ಬೇಸಿಗೆಯ ನಾಲ್ಕೈದು ತಿಂಗಳು ಆ ಸುರುಳಿಯಲ್ಲಿ ನೀರು ನಿಂತು ಕೊಳೆಯುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಸಮ್ಮೇಳನವೊಂದರಲ್ಲಿ ಹಲವರನ್ನು ಬಲಿತೆಗೆದುಕೊಂಡು ಹೆಸರಾದ ಲೀಜನೆಲ್ಲ ಎಂಬ ಬ್ಯಾಕ್ಟೀರಿಯ ಇಂತಹ ಉಗುರು ಬೆಚ್ಚಗಿನ ನಿಂತ ನೀರಿನಲ್ಲಿ ಬೆಳೆಯುತ್ತದೆ. ಪಂಪನ್ನು ದಿನಕ್ಕೆ ಹಲವು ಬಾರಿ ತಾನಾಗಿ ಓಡಿಸುವ ಏರ್ಪಾಡುಗಳಿವೆ. ಆದರೆ ನನ್ನ ಮತ ಸ್ಪಷ್ಟ: ಕಾಯಿಸುವ ನೀರು ಬೇರೆ, ಕುಡಿಯುವ ನೀರು ಬೇರೆ ಇರಲಿ; ಎರಡರ ನಡುವೆ ಶಾಖ ದಾಟಲಿ, ನೀರು ದಾಟದಿರಲಿ. ನಮ್ಮ ಅಜ್ಜಿಯಂದಿರು ಹಂಡೆಯ ನೀರನ್ನು ಅಡುಗೆಗೆ ಬಳಸುತ್ತಿರಲಿಲ್ಲ. ಸ್ನಾನದ ತೊಟ್ಟಿಯನ್ನು 60 ಡಿಗ್ರಿಯಲ್ಲಿಟ್ಟು, ನಲ್ಲಿಗೆ ಹೋಗುವ ಮುನ್ನ ತಣ್ಣೀರು ಬೆರೆಸುವ ಕವಾಟದಿಂದ 49ಕ್ಕೆ ಇಳಿಸುವುದು ವಾಡಿಕೆ. ಇಲ್ಲದಿದ್ದರೆ ಮಕ್ಕಳಿಗೂ ಮುದುಕರಿಗೂ ಸುಟ್ಟೀತು.

ನಾಲ್ಕನೆಯದು ಹೆಪ್ಪುಗಟ್ಟುವ ಭಯ. ಸುರುಳಿ ಅಟ್ಟದಲ್ಲೋ ಗ್ಯಾರೇಜಿನಲ್ಲೋ ಇದ್ದು, ಕಡುಚಳಿಯಲ್ಲಿ ವಿದ್ಯುತ್ ಹೋದರೆ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಮುಚ್ಚಿದ ಸುತ್ತಿನ ನೀರಿಗೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸುವುದು ಪರಿಹಾರ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಕೂಡದು. ಅದಕ್ಕಿಂತ ಒಳ್ಳೆಯ ಪರಿಹಾರ, ಸುರುಳಿಯನ್ನು ಬೆಚ್ಚಗಿನ ನೆಲಮಾಳಿಗೆಯಲ್ಲೇ ಇಡುವುದು.

ಇನ್ನೊಂದು ಜನಪ್ರಿಯ ನಂಬಿಕೆಯನ್ನೂ ತಿದ್ದಬೇಕು. ‘ಕುಲುಮೆ ಗಾಳಿಯನ್ನು ಒಣಗಿಸುತ್ತದೆ, ಬಿಸಿನೀರು ಒಣಗಿಸುವುದಿಲ್ಲ’ ಎಂದು ಮಾರುವವರು ಹೇಳುತ್ತಾರೆ. ತುಟಿ ಒಡೆದು ಮೂಗು ಒಣಗಿದ ನಮ್ಮ ಹಿರಿಯರು ನಂಬುತ್ತಾರೆ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿರುವ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಸುಮಾರು 1 ಗ್ರಾಂ. ಅದೇ ಗಾಳಿ ಸಂದುಗಳಿಂದ ಒಳನುಗ್ಗಿ 20 ಡಿಗ್ರಿಗೆ ಕಾದರೆ ಸುಮಾರು 17 ಗ್ರಾಂ ಹಿಡಿಯಬಲ್ಲದು. ಇರುವುದು ಒಂದೇ ಗ್ರಾಂ. ಒಣಗಿಸಿದ್ದು ಕುಲುಮೆಯಲ್ಲ, ಚಳಿ. ಮದ್ದು ಬೇಕಿರುವುದು ಕಿಟಕಿ ಬಾಗಿಲುಗಳ ಸಂದುಗಳಿಗೆ.

ಇಷ್ಟೆಲ್ಲ ಅಡಚಣೆಗಳಿದ್ದೂ ನಾನು ನೀರಿನ ಪಕ್ಷ ವಹಿಸುವುದೇಕೆ? ಮುಖ್ಯ ಕಾರಣ ಒಂದೇ: ನೀರು ತನ್ನನ್ನು ಕಾಯಿಸಿದವರು ಯಾರೆಂದು ಕೇಳುವುದಿಲ್ಲ. ಅನಿಲದ ಕುಲುಮೆ ಅನಿಲಕ್ಕೆ ಗಂಟುಬಿದ್ದದ್ದು. ಮುಂದೆ ಅನಿಲ ತುಟ್ಟಿಯಾದರೆ ಇಡೀ ಯಂತ್ರವನ್ನೇ ಹೊರಗೆಸೆಯಬೇಕು. ನೀರಿನ ಸುತ್ತು ಹಾಗಲ್ಲ. ಇಂದು ಅನಿಲದ ಬಾಯ್ಲರ್. ಹತ್ತು ವರ್ಷದ ಮೇಲೆ ಅದರ ಜಾಗಕ್ಕೆ ಹೊರಗಿನ ಗಾಳಿಯಿಂದ ಶಾಖ ಸೆಳೆದು ನೀರಿಗೆ ಕೊಡುವ ಹೀಟ್ ಪಂಪ್ ಬರಬಹುದು. ಯುರೋಪಿನಲ್ಲಿ ಅದು ಸಾಮಾನ್ಯವಾಗಿದೆ. ಒಂದು ಪಾಲು ವಿದ್ಯುತ್ತಿಗೆ ಅದು ಎರಡು ಮೂರು ಪಾಲು ಶಾಖ ಕೊಡುತ್ತದೆ. ಕಡುಚಳಿಯಲ್ಲಿ ಈ ಪ್ರಮಾಣ ಇಳಿಯುತ್ತದೆ ಎಂಬುದೂ ನಿಜ. ಆಗ ಸುರುಳಿ, ಬ್ಲೋವರ್, ಕೊಳವೆ ಎಲ್ಲವೂ ಹಾಗೆಯೇ ಉಳಿಯುತ್ತವೆ. ಒಂದೇ ಷರತ್ತು: ಇಂದೇ ದೊಡ್ಡ ಸುರುಳಿ ಹಾಕಿಸಿ, 50 ಡಿಗ್ರಿಯ ನೀರಿನಲ್ಲೂ ಮನೆ ಬೆಚ್ಚಗಾಗುವಂತೆ ಮಾಡಿಸಬೇಕು. ಹೀಟ್ ಪಂಪುಗಳಿಗೆ ಅದಕ್ಕಿಂತ ಬಿಸಿಯಾದ ನೀರು ಕೊಡುವುದು ಪ್ರಯಾಸ.

ಸರ್ಕಾರಗಳ ನೀತಿ ಬದಲಾಗುತ್ತಲೇ ಇರುತ್ತದೆ ಎಂಬುದೂ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಕೆನಡಾ 2019ರಲ್ಲಿ ಮನೆಗಳ ಹೊಸ ಅನಿಲ ಕುಲುಮೆಗಳಿಗೆ 95 ಪ್ರತಿಶತ ದಕ್ಷತೆಯನ್ನು ಕಡ್ಡಾಯ ಮಾಡಿತು. ಅಮೆರಿಕದ ಇಂಧನ ಇಲಾಖೆ 2023ರಲ್ಲಿ ಹೊರಡಿಸಿದ ನಿಯಮ 2028ರ ಕೊನೆಯನ್ನು ಅದೇ ಮಟ್ಟದ ಗಡುವಾಗಿ ಇಟ್ಟಿತು. ಹೀಟ್ ಪಂಪ್ ಹಾಕಿಸಿದವರಿಗೆ 2022ರ ಕಾನೂನು ಕೊಟ್ಟಿದ್ದ ತೆರಿಗೆ ರಿಯಾಯಿತಿ 2025ರ ಕೊನೆಗೆ ಮುಗಿದುಹೋಯಿತು. ನಿಯಮ ಬರುತ್ತದೆ, ರಿಯಾಯಿತಿ ಹೋಗುತ್ತದೆ. ಇವುಗಳ ಹಿಂದೆ ಓಡುವುದಕ್ಕಿಂತ, ಯಾವ ಗಾಳಿ ಬೀಸಿದರೂ ಹೊಂದಿಕೊಳ್ಳಬಲ್ಲ ವ್ಯವಸ್ಥೆ ಮನೆಯಲ್ಲಿರುವುದು ಮೇಲು.

ಹಾಗಾದರೆ ಯಾರಿಗೆ ಇದು ಬೇಡ? ಐದಾರು ವರ್ಷದ ಒಳ್ಳೆಯ ಕುಲುಮೆ ಇರುವವರಿಗೆ ಬೇಡ. ಸರಿಯಿರುವುದನ್ನು ಕಿತ್ತು ಹಾಕುವುದು ದುಂದು. ಮೂರು ನಾಲ್ಕು ವರ್ಷದಲ್ಲಿ ಮನೆ ಮಾರುವವರಿಗೆ ಬೇಡ. ಚಳಿ ಹದವಾಗಿರುವ ದಕ್ಷಿಣದ ರಾಜ್ಯಗಳವರಿಗೆ ನೀರಿನ ನಡುವಣಿಕೆಯಿಲ್ಲದ ಸಾಮಾನ್ಯ ಹೀಟ್ ಪಂಪೇ ಅಗ್ಗ. ಎಲ್ಲಕ್ಕಿಂತ ಮುಖ್ಯವಾಗಿ, ಗಾಳಿಗೊಳವೆಯ ಕೆಲಸವನ್ನೂ ನೀರಿನ ಕೊಳಾಯಿ ಕೆಲಸವನ್ನೂ ಎರಡನ್ನೂ ಬಲ್ಲ ಕೆಲಸಗಾರ ಹತ್ತಿರದಲ್ಲಿಲ್ಲದಿದ್ದರೆ ಬೇಡ. ಅರೆಬರೆ ತಿಳಿದವನು ಹಾಕಿದ ಒಳ್ಳೆಯ ಯಂತ್ರಕ್ಕಿಂತ, ಬಲ್ಲವನು ಹಾಕಿದ ಸಾಧಾರಣ ಕುಲುಮೆ ವಾಸಿ. ಹಣದ ವಿಷಯದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಮನೆಯ ಸಂದು ಮುಚ್ಚಿಸಿ, ಅಟ್ಟಕ್ಕೆ ಶಾಖನಿರೋಧಕ ಹಾಸಿದರೆ ಬೇಕಾಗುವ ಯಂತ್ರವೇ ಚಿಕ್ಕದಾಗುತ್ತದೆ. ಅದು ಮೊದಲ ಖರ್ಚಾಗಲಿ.

ಚಳಿಗಾಲದಲ್ಲಿ ಮಕ್ಕಳ ಮನೆಗೆ ಹೋಗುವ ನನ್ನ ವಯಸ್ಸಿನವರಿಗೆ ಕೆಲವು ಮಾತು. ಹೋದ ಮೊದಲ ವಾರದಲ್ಲೇ ನೆಲಮಾಳಿಗೆಗೆ ಇಳಿದು ಯಂತ್ರವನ್ನು ನೋಡಿ. ಅದನ್ನು ನಿಲ್ಲಿಸುವ ಸ್ವಿಚ್ ಎಲ್ಲಿದೆ ಎಂದು ಕೇಳಿ ತಿಳಿಯಿರಿ. ಪ್ರತಿ ಅಂತಸ್ತಿನಲ್ಲೂ, ಮಲಗುವ ಕೋಣೆಗಳ ಹತ್ತಿರವೂ ಕಾರ್ಬನ್ ಮಾನಾಕ್ಸೈಡಿನ ಗಂಟೆ ಇದೆಯೇ ನೋಡಿ. ಆಗಾಗ ಒಮ್ಮೆ ‘ಚಿಂವ್’ ಎಂದರೆ ಬ್ಯಾಟರಿ ಮುಗಿದಿದೆ ಅಥವಾ ಗಂಟೆಯ ಆಯುಸ್ಸು ತೀರಿದೆ ಎಂದರ್ಥ. ಕಿರಿಕಿರಿಯೆಂದು ಕಿತ್ತಿಡದೆ ಮಕ್ಕಳಿಗೆ ಹೇಳಿ. ನಾಲ್ಕು ಬಾರಿ ಕೂಗಿ, ತುಸು ನಿಂತು, ಮತ್ತೆ ನಾಲ್ಕು ಬಾರಿ ಕೂಗಿದರೆ ಅದು ಅಪಾಯ. ಅಂಗಿ ಬೂಟು ಹುಡುಕುತ್ತ ನಿಲ್ಲದೆ, ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಬಂದು, 911ಕ್ಕೆ ಫೋನ್ ಮಾಡಿ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯೊಳಗಿದ್ದಾಗ ಬಂದು, ಹೊರಗೆ ಹೋದಾಗ ಹಗುರಾದರೆ, ಅದನ್ನು ಪ್ರಯಾಣದ ಆಯಾಸವೆಂದೋ ಪಿತ್ತವೆಂದೋ ಸುಮ್ಮನಿರಬೇಡಿ.

ನಮ್ಮ ನಾಡಿನಲ್ಲಿಯೂ ಇಂತಹ ಯೋಚನೆ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಮುಂದಾಗಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಹಳ್ಳಿಯ ಹೆಂಗಸರ ಕಣ್ಣಿಗೆ ತುಂಬುತ್ತಿದ್ದ ಹೊಗೆಯನ್ನು ಹೊರಗಟ್ಟಿ, ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಡುವ ಅಸ್ತ್ರ ಒಲೆಯನ್ನು ರೂಪಿಸಿತು. ದೊಡ್ಡ ವಿಜ್ಞಾನಿಗಳು ಒಲೆಯ ಮುಂದೆ ಕುಳಿತು ಕೇಳಿದ ಪ್ರಶ್ನೆ ಬಹಳ ಸರಳ: ಈ ಬೆಂಕಿಯ ಶಾಖ ಎಲ್ಲಿಗೆ ಹೋಗುತ್ತಿದೆ, ಹೊಗೆ ಎಲ್ಲಿಗೆ ಹೋಗುತ್ತಿದೆ? ಮಿನ್ನೆಸೋಟದ ನೆಲಮಾಳಿಗೆಯಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯೂ ಅದೇ.

ಆದ್ದರಿಂದ ಕುಲುಮೆ ಕೆಡುವ ಮೊದಲೇ, ಬೇಸಿಗೆಯ ಬಿಡುವಿನ ದಿನವೊಂದರಲ್ಲಿ, ನಮ್ಮ ಮಕ್ಕಳು ಮೂರು ವಿಷಯ ತಿಳಿದುಕೊಳ್ಳಲಿ. ಈ ಮನೆಗೆ ನಿಜವಾಗಿ ಎಷ್ಟು ಶಾಖ ಬೇಕು? ಆ ಶಾಖವನ್ನು ಗಾಳಿ ಹೊರಬೇಕೋ, ನೀರು ಹೊರಬೇಕೋ? ನಾಳೆ ಇಂಧನ ಬದಲಾದರೆ ಏನನ್ನು ಉಳಿಸಿಕೊಳ್ಳಬಹುದು? ಈ ಮೂರಕ್ಕೆ ಉತ್ತರ ಬರೆದ ಕಾಗದವನ್ನು ಯಂತ್ರದ ಪಕ್ಕದಲ್ಲೇ ಅಂಟಿಸಿಡಲಿ. ಆಗ ಹಿಮ ಬೀಳುವ ಸಂಜೆ, ಕೂಸು ಅಳುತ್ತಿರುವಾಗ, ದರಪಟ್ಟಿ ಹಿಡಿದು ಬಂದವನಿಗೆ ‘ಸ್ವಲ್ಪ ತಡೆಯಿರಿ, ನಮ್ಮ ಲೆಕ್ಕ ನಮ್ಮಲ್ಲಿದೆ’ ಎಂದು ಹೇಳುವ ಧೈರ್ಯ ಅವರಿಗೆ ಬರುತ್ತದೆ. ಅವರು ಕೊನೆಗೆ ಆರಿಸುವುದು ಕುಲುಮೆಯನ್ನೇ ಆದರೂ ನನ್ನದೇನೂ ತಕರಾರಿಲ್ಲ. ಅದು ತಿಳಿದು ಆರಿಸಿದ್ದಾಗಿರುತ್ತದೆ.